ನಾಣ್ಯ ತೂಗಿ, ಗುಡ್ಡ ಹತ್ತಿ ಇತಿಹಾಸ ಬರೆದ ಕೋಸಂಬಿ

ಇತಿಹಾಸದ ಜಗಳ ನಮ್ಮ ಫೋನುಗಳಲ್ಲಿ ದಿನಾ ನಡೀತಿರುತ್ತೆ. ಯಾವ ರಾಜ ಒಳ್ಳೆಯವನು, ಯಾರು ಯಾವ ಗುಡಿ ಕೆಡವಿದರು, ಈ ನೆಲಕ್ಕೆ ಮೊದಲು ಬಂದವರು ಯಾರು. ಈ ಜಗಳದಲ್ಲಿ ಎಡದವರು ಮುಂದೆ ಮಾಡುವ, ಬಲದವರು ಬೈಯುವ ಹೆಸರುಗಳಲ್ಲಿ ದಾಮೋದರ ಧರ್ಮಾನಂದ ಕೋಸಂಬಿ ಅವರದ್ದೂ ಒಂದು. ಇಬ್ಬರೂ ಅವರನ್ನು ಓದಿದ್ದು ಕಡಿಮೆ ಅಂತ ನನ್ನ ಗುಮಾನಿ. ಓದಿದ್ದರೆ ಇಬ್ಬರಿಗೂ ಸ್ವಲ್ಪ ಕಿರಿಕಿರಿ ಆಗಬೇಕಿತ್ತು.

ಕೋಸಂಬಿ ಹುಟ್ಟಿದ್ದು 1907ರಲ್ಲಿ, ಗೋವಾದಲ್ಲಿ. ತಂದೆ ಧರ್ಮಾನಂದರು ಬುದ್ಧನನ್ನು ಹುಡುಕುತ್ತಾ ಮನೆ ಬಿಟ್ಟು ನೇಪಾಳ, ಸಿಂಹಳ, ಬರ್ಮಾ ಸುತ್ತಿ ಪಾಲಿ ಕಲಿತವರು. ಪಾಲಿ ಗ್ರಂಥವೊಂದರ ಸಂಪಾದನೆಗೆ ಹಾರ್ವರ್ಡ್‌ಗೆ ಹೊರಟಾಗ, 1918ರಲ್ಲಿ, ಮಗನನ್ನೂ ಜೊತೆಗೆ ಕರೆದೊಯ್ದರು. 1929ರಲ್ಲಿ ಅದೇ ಹಾರ್ವರ್ಡ್‌ನ ಪದವಿ ಪಡೆದು ವಾಪಸಾದ ಮಗ ಬನಾರಸ್, ಅಲಿಗಢ, ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾದರು. 1944ರಲ್ಲಿ ಅವರು ಕೊಟ್ಟ ಒಂದು ಸೂತ್ರವನ್ನು ತಳಿವಿಜ್ಞಾನಿಗಳು ಇವತ್ತಿಗೂ ಬಳಸ್ತಾರೆ. ಹೋಮಿ ಭಾಭಾ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದಾಗ ಅಲ್ಲಿಗೆ ಸೇರಿದರು. ಮನೆ ಪುಣೆ, ಕೆಲಸ ಮುಂಬಯಿ. ಓಡಾಟ ಡೆಕ್ಕನ್ ಕ್ವೀನ್ ರೈಲಿನಲ್ಲಿ.

ಇತಿಹಾಸ ಇವರು ಓದಿದ ವಿಷಯವೇ ಅಲ್ಲ. ಸಂಖ್ಯಾಶಾಸ್ತ್ರವನ್ನು ಪ್ರಯೋಗ ಮಾಡಿ ನೋಡಲು ಒಂದು ವಸ್ತು ಬೇಕಿತ್ತು, ತಕ್ಷಶಿಲೆಯಲ್ಲಿ ಸಿಕ್ಕ ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳು ಸಿಕ್ಕವು. ಅವುಗಳ ಮೇಲೆ ರಾಜರ ಹೆಸರಿಲ್ಲ, ಇಸವಿ ಇಲ್ಲ. ಕೋಸಂಬಿ ಒಂದೊಂದನ್ನೂ ತೂಗಿದರು. ನಾಣ್ಯ ಕೈಯಿಂದ ಕೈಗೆ ಹೋದಂತೆಲ್ಲ ಸವೆಯುತ್ತೆ. ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಗುರುತುಗಳು ಬೀಳ್ತಾ ಹೋಗ್ತವೆ. ಗುರುತು ಹೆಚ್ಚಿದಷ್ಟೂ ತೂಕ ಕಡಿಮೆ ಅನ್ನೋದು ಲೆಕ್ಕದಲ್ಲಿ ಗೊತ್ತಾಯಿತು. ಅಂದರೆ ಯಾವ ನಾಣ್ಯ ಹೆಚ್ಚು ಕಾಲ ಚಲಾವಣೆಯಲ್ಲಿತ್ತು ಅಂತ ಪುರಾಣದ ಸಹಾಯ ಇಲ್ಲದೆ ಹೇಳಬಹುದು. ತಮ್ಮ ಕಾಲದ ಚಿಲ್ಲರೆ ಕಾಸನ್ನೂ ತೂಗಿ ಈ ಸವೆತದ ಲೆಕ್ಕವನ್ನು ತಾಳೆ ನೋಡಿದರು. ನನಗೆ ಅವರಲ್ಲಿ ಬಹಳ ಇಷ್ಟವಾಗುವ ಸಂಗತಿ ಇದು.

ತಕ್ಕಡಿ ಬಿಟ್ಟು ಆಮೇಲೆ ಕಾಲಿಗೆ ಕೆಲಸ ಕೊಟ್ಟರು. ಪುಣೆ ಸುತ್ತಲಿನ ಗುಡ್ಡಗಳಲ್ಲಿ ನಡೆದು, ಕುರಿಗಾಹಿಗಳನ್ನು, ರೈತರನ್ನು ಮಾತಾಡಿಸಿ, ಸಿಂಧೂರ ಬಳಿದ ಕಲ್ಲಿನ ದೇವತೆಗಳನ್ನೂ ನೆಲದಲ್ಲಿ ಸಿಗುವ ಶಿಲಾಯುಗದ ಸಣ್ಣ ಕಲ್ಲಿನ ಉಪಕರಣಗಳನ್ನೂ ಒಟ್ಟಿಗೆ ನೋಡಿದರು. ಅಲೆಮಾರಿಗಳ ಹಳೇ ಜಾಡೇ ಮುಂದೆ ವ್ಯಾಪಾರದ ದಾರಿಯಾಯಿತು, ಆ ದಾರಿಯ ಮೇಲೆಯೇ ಬೌದ್ಧ ಗುಹೆಗಳು ಎದ್ದವು ಅನ್ನೋದು ಅವರ ವಾದ. ಕಾರ್ಲೆಯ ಶಾಸನಗಳಲ್ಲಿ ದಾನ ಕೊಟ್ಟವರ ಪಟ್ಟಿಯಲ್ಲಿ ಗಂಧ ಮಾರುವವನಿದ್ದಾನೆ, ಯವನರಿದ್ದಾರೆ. ಜಾಡುಗಳ ವಾದವನ್ನು ಪೂರ್ತಿ ಒಪ್ಪದ ವಿದ್ವಾಂಸರಿದ್ದಾರೆ. ಸಾವಿರಾರು ವರ್ಷ ಒಂದೇ ಜಾಗದಲ್ಲಿ ಪೂಜೆ ತಪ್ಪದೆ ನಡೆಯಿತು ಅನ್ನೋದಕ್ಕೆ ಒಂದು ಕಲ್ಲಿನ ಚೂರು ಸಾಕೇ ಅಂತ ನನಗೂ ಅನುಮಾನ ಇದೆ. ಆದರೆ ಗ್ರಂಥಾಲಯದಲ್ಲಿ ಕೂತವರಿಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ. ದೇವಿ ಕೊಂದ ಕೋಣನನ್ನೇ ಹಳ್ಳಿಯವರು ಮ್ಹಸೋಬಾ ಅಂತ ಪೂಜಿಸೋದನ್ನು, ಕೆಲವು ಕಡೆ ಅವನಿಗೆ ದೇವಿಯ ಜೊತೆ ಮದುವೆಯನ್ನೂ ಮಾಡಿರೋದನ್ನು ಅವರು ಬರೆದಿದ್ದಾರೆ. ದಸರಾ ಬಂದಾಗ ಮೈಸೂರಿನಲ್ಲಿ ಮಹಿಷನ ಹೆಸರಲ್ಲಿ ಏಳುವ ವಿವಾದ ನೋಡಿದವರು ಈ ಬರಹ ಓದಬೇಕು.

1956ರಲ್ಲಿ ಬಂದ ಅವರ ಮುಖ್ಯ ಪುಸ್ತಕ ರಾಜರ ಸಾಲನ್ನು ಬದಿಗಿಟ್ಟು ನೇಗಿಲು, ಕಾಡು ಕಡಿದವರು, ಹೆಚ್ಚುವರಿ ಧಾನ್ಯ ಯಾರ ಪಾಲಾಯಿತು ಅನ್ನೋದನ್ನು ಕೇಳಿತು. ಮಾರ್ಕ್ಸ್‌ವಾದಿ ಹೌದು, ಆದರೆ ಪಕ್ಷದ ಗಿಳಿಪಾಠ ಒಪ್ಪಲಿಲ್ಲ. ಕಮ್ಯುನಿಸ್ಟ್ ನಾಯಕ ಡಾಂಗೆ ಪ್ರಾಚೀನ ಭಾರತದ ಬಗ್ಗೆ ಪುಸ್ತಕ ಬರೆದಾಗ ಅದನ್ನು ಚಿಂದಿ ಮಾಡಿದರು. ಗ್ರೀಸಿನ ಗುಲಾಮಗಿರಿಯ ಅಚ್ಚನ್ನು ತಂದು ಇಲ್ಲಿ ಒತ್ತಬೇಡಿ ಅನ್ನೋದು ಅವರ ತಕರಾರಾಗಿತ್ತು.

ಜಾತಿಯ ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ಜಗಳ ಇದೆ. ಉತ್ಪಾದನೆ ಹಿಂದುಳಿದ ಹಂತದಲ್ಲಿದ್ದಾಗ ವರ್ಗವೇ ಜಾತಿಯ ರೂಪದಲ್ಲಿರುತ್ತೆ ಅಂತ ಅವರು ನೋಡಿದರು. ಕಾರ್ಖಾನೆ ಬಂತು, ಸಾಫ್ಟ್‌ವೇರ್ ಬಂತು, ಜಾತಿ ಹೋಯ್ತಾ? ಅಂಬೇಡ್ಕರ್ ಎತ್ತಿದ ಅಪಮಾನದ ಪ್ರಶ್ನೆಗೆ ಉತ್ಪಾದನೆಯ ಲೆಕ್ಕದಲ್ಲಿ ಉತ್ತರ ಸಿಗಲ್ಲ.

ಶಾಂತಿ ಚಳವಳಿಯಲ್ಲಿದ್ದ ಕೋಸಂಬಿ, ಬಿಸಿಲು ಇಷ್ಟೊಂದಿರುವ ದೇಶಕ್ಕೆ ಅಣುವಿದ್ಯುತ್ ಯಾಕೆ, ಸೌರಶಕ್ತಿ ನೋಡಿ ಅಂತ ಆಗಲೇ ವಾದಿಸಿದ್ದರು. ಅಣುಶಕ್ತಿ ಯೋಜನೆಯ ಹೊಣೆ ಹೊತ್ತಿದ್ದವರು ಸಾಕ್ಷಾತ್ ಭಾಭಾ! ಸಂಬಂಧ ಕೆಟ್ಟಿತು, 1962ರಲ್ಲಿ ಸಂಸ್ಥೆ ಅವರ ಗುತ್ತಿಗೆ ಮುಂದುವರಿಸಲಿಲ್ಲ. ರೀಮನ್ ಊಹೆಯನ್ನು ಸಾಧಿಸಿದ್ದೇನೆ ಅಂತ ಅವರು ಮಾಡಿದ್ದ, ಗಣಿತಜ್ಞರು ಒಪ್ಪದ ದಾವೆಯೂ ಹೆಸರಿಗೆ ಪೆಟ್ಟು ಕೊಟ್ಟಿತ್ತು. ಅವರ ನಾಲಿಗೆಯೂ ಹರಿತ, ಸ್ನೇಹಿತರನ್ನು ಸುಲಭಕ್ಕೆ ಉಳಿಸಿಕೊಳ್ಳುವ ಮನುಷ್ಯನಲ್ಲ.

ಕೆಲಸ ಹೋದ ಅದೇ ವರ್ಷ ಮಿಥ್ ಅಂಡ್ ರಿಯಾಲಿಟಿ ಬಂತು, 1965ರಲ್ಲಿ ಸಾಮಾನ್ಯ ಓದುಗರಿಗೆ ಅಂತಲೇ ಪ್ರಾಚೀನ ಭಾರತದ ಇನ್ನೊಂದು ಪುಸ್ತಕ. 1966ರ ಜೂನ್ 29ರಂದು ನಿದ್ದೆಯಲ್ಲೇ ತೀರಿಕೊಂಡರು, ಆಗ 58 ವರ್ಷ. ಹೊಸಬರು ಮಿಥ್ ಅಂಡ್ ರಿಯಾಲಿಟಿಯಿಂದ ಶುರು ಮಾಡಿ, ಅದರಲ್ಲೂ ದಾರಿ ಕೂಡುವಲ್ಲಿನ ಮಾತೃದೇವತೆಗಳ ಅಧ್ಯಾಯದಿಂದ. ನಾಣ್ಯದ ಲೆಕ್ಕ ಆಮೇಲೆ ನೋಡಿದರಾಯ್ತು.