ಅಸಿಸಿಯ ಸಂತ ಫ್ರಾನ್ಸಿಸ್

ಅಸಿಸಿಯ ಸಂತ ಫ್ರಾನ್ಸಿಸ್ (1181 ಅಥವಾ 1182 – ಅಕ್ಟೋಬರ್ 3, 1226) ಇಟಲಿಯ ಕ್ರೈಸ್ತ ಸಂತರು ಹಾಗೂ ಫ್ರಾನ್ಸಿಸ್ಕನ್ ಸಂನ್ಯಾಸಿ ಸಭೆಯ ಸ್ಥಾಪಕರು. ಸಂಪೂರ್ಣ ಬಡತನವನ್ನು ವ್ರತವಾಗಿ ಸ್ವೀಕರಿಸಿದ ಇವರು 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಕ್ರಿಸ್ತಜನನದ ದೃಶ್ಯವನ್ನು ಜನರ ಕಣ್ಣೆದುರು ನಿಲ್ಲಿಸಿದರು. ಕ್ರಿಸ್‌ಮಸ್ ಹಬ್ಬದಲ್ಲಿ ಗೋದಲಿ ಕಟ್ಟುವ ಪದ್ಧತಿಯು ಜನಪ್ರಿಯವಾಗಲು ಈ ಘಟನೆಯೇ ಮುಖ್ಯ ಪ್ರೇರಣೆ ಎಂದು ಪರಿಗಣಿಸಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಫ್ರಾನ್ಸಿಸ್ ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದ ಅಸಿಸಿ ಪಟ್ಟಣದಲ್ಲಿ ಜನಿಸಿದರು. ತಂದೆ ಪಿಯೆತ್ರೊ ದಿ ಬೆರ್ನಾರ್ದೊನೆ ಶ್ರೀಮಂತ ಬಟ್ಟೆ ವ್ಯಾಪಾರಿ, ತಾಯಿ ಪೀಕಾ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಜೊವಾನ್ನಿ. ಫ್ರಾನ್ಸ್ ದೇಶದೊಂದಿಗೆ ವ್ಯಾಪಾರ ಸಂಬಂಧವಿದ್ದ ತಂದೆ ಮಗನನ್ನು ಫ್ರಾಂಚೆಸ್ಕೊ ಎಂದು ಕರೆದರು.

ಯೌವನದಲ್ಲಿ ಇವರು ವಿಲಾಸಪ್ರಿಯರಾಗಿದ್ದರು ಮತ್ತು ಯೋಧನಾಗುವ ಕನಸು ಕಂಡಿದ್ದರು. 1202ರಲ್ಲಿ ನೆರೆಯ ಪೆರೂಜಾ ನಗರದೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕು ಸುಮಾರು ಒಂದು ವರ್ಷ ಬಂಧನದಲ್ಲಿದ್ದರು. ಬಿಡುಗಡೆಯ ನಂತರದ ಅನಾರೋಗ್ಯ ಮತ್ತು ಏಕಾಂತ ಇವರ ಮನಸ್ಸನ್ನು ಬದಲಿಸಿದವು. ಶಿಥಿಲಗೊಂಡಿದ್ದ ಸಾನ್ ದಾಮಿಯಾನೊ ದೇವಾಲಯದ ದುರಸ್ತಿಗಾಗಿ ತಂದೆಯ ಅಂಗಡಿಯ ಬಟ್ಟೆಯನ್ನು ಮಾರಿದ್ದರಿಂದ ತಂದೆ ಮಗನ ವಿರುದ್ಧ ದೂರು ನೀಡಿದರು. ಫ್ರಾನ್ಸಿಸ್ ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ತೊಟ್ಟ ಉಡುಪನ್ನೂ ಕಳಚಿ ತಂದೆಗೆ ಒಪ್ಪಿಸಿ, ಆಸ್ತಿಯ ಹಕ್ಕನ್ನು ತ್ಯಜಿಸಿದರು.

ಸಂನ್ಯಾಸಿ ಸಭೆಯ ಸ್ಥಾಪನೆ

ಕುಷ್ಠರೋಗಿಗಳ ಸೇವೆ, ಕೂಲಿ ಮತ್ತು ಭಿಕ್ಷೆಯಿಂದ ಬದುಕುತ್ತಿದ್ದ ಫ್ರಾನ್ಸಿಸರ ಸುತ್ತ ಅನುಯಾಯಿಗಳು ಸೇರಿದರು. ಇವರ ಜೀವನಕ್ರಮಕ್ಕೆ 1209ರಲ್ಲಿ ಮೂರನೆಯ ಇನ್ನೊಸೆಂಟ್ ಪೋಪರು ಮೌಖಿಕ ಸಮ್ಮತಿ ನೀಡಿದರು. 1212ರಲ್ಲಿ ಅಸಿಸಿಯ ಕ್ಲಾರಾ ಇವರನ್ನು ಅನುಸರಿಸಿ ಬಂದದ್ದರಿಂದ ಸ್ತ್ರೀಯರ ಸಭೆಯೂ ಆರಂಭವಾಯಿತು. ಧರ್ಮಯುದ್ಧದ ನಡುವೆಯೇ 1219ರಲ್ಲಿ ಈಜಿಪ್ಟಿಗೆ ತೆರಳಿದ ಫ್ರಾನ್ಸಿಸ್, ನಿರಾಯುಧರಾಗಿ ಸುಲ್ತಾನ ಅಲ್-ಕಾಮಿಲ್‌ನನ್ನು ಭೇಟಿಯಾದರು.

ಸಭೆ ಬೆಳೆದಂತೆ ಮನೆ, ಗ್ರಂಥ ಮುಂತಾದ ಆಸ್ತಿಯನ್ನು ಹೊಂದಬಹುದೇ ಎಂಬ ವಿವಾದ ತಲೆದೋರಿತು. 1220ರಲ್ಲಿ ಫ್ರಾನ್ಸಿಸ್ ಆಡಳಿತದ ಹೊಣೆಯಿಂದ ಹಿಂದೆ ಸರಿದರು. ಸಭೆಯ ನಿಯಮಾವಳಿಯನ್ನು ಮೂರನೆಯ ಹೊನೊರಿಯಸ್ ಪೋಪರು 1223ರ ನವೆಂಬರ್ 29ರಂದು ಅಂಗೀಕರಿಸಿದರು.

ಗ್ರೆಚ್ಚೊದ ಕ್ರಿಸ್‌ಮಸ್

ಯೇಸು ಹುಟ್ಟಿದ ದಿನಾಂಕವನ್ನು ಶುಭಸಂದೇಶಗಳು ತಿಳಿಸುವುದಿಲ್ಲ. ಡಿಸೆಂಬರ್ 25ರ ಆಚರಣೆ ನಾಲ್ಕನೆಯ ಶತಮಾನದ ರೋಮ್‌ನ ದಾಖಲೆಯಲ್ಲಿ ಕಾಣಸಿಗುತ್ತದೆ. ಛತ್ರದಲ್ಲಿ ಸ್ಥಳವಿಲ್ಲದೆ ಶಿಶುವನ್ನು ಗೋದಲಿಯಲ್ಲಿ ಮಲಗಿಸಿದ ಸಂಗತಿ ಲೂಕನ ಶುಭಸಂದೇಶದಲ್ಲಿದೆ. ಎತ್ತು ಮತ್ತು ಕತ್ತೆ ಅಲ್ಲಿಲ್ಲ. ಒಡೆಯನ ಗೋದಲಿಯನ್ನು ಬಲ್ಲ ಈ ಪ್ರಾಣಿಗಳ ಉಲ್ಲೇಖ ಯೆಶಾಯನ ಪ್ರವಾದನಾ ಗ್ರಂಥದಲ್ಲಿದ್ದು, ಅಲ್ಲಿಂದ ಜನನದ ಚಿತ್ರಣಕ್ಕೆ ಸೇರಿಕೊಂಡವು.

1223ರ ಡಿಸೆಂಬರಿನಲ್ಲಿ, ಹಬ್ಬಕ್ಕೆ ಸುಮಾರು ಹದಿನೈದು ದಿನ ಮೊದಲು, ಫ್ರಾನ್ಸಿಸ್ ಗ್ರೆಚ್ಚೊದ ಜೊವಾನ್ನಿ ಎಂಬ ಗಣ್ಯ ಗೆಳೆಯನಿಗೆ ಸಿದ್ಧತೆ ಮಾಡಲು ಹೇಳಿಕಳುಹಿಸಿದರು. ಶಿಶು ಯೇಸು ಅನುಭವಿಸಿದ ಕೊರತೆಯನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಬಯಕೆಯಾಗಿತ್ತು. ಗೋದಲಿಗೆ ಹುಲ್ಲು ಹಾಸಿ, ಜೀವಂತ ಎತ್ತು ಮತ್ತು ಕತ್ತೆಯನ್ನು ತರಲಾಯಿತು. ಸುತ್ತಲಿನ ಜನರು ದೀಪ, ಪಂಜುಗಳೊಂದಿಗೆ ಬಂದರು. ಗೋದಲಿಯ ಬಳಿ ಬಲಿಪೂಜೆ ನಡೆಯಿತು. ಡೀಕನ್ ಆಗಿದ್ದ ಫ್ರಾನ್ಸಿಸ್ ಶುಭಸಂದೇಶವನ್ನು ಹಾಡಿ ಪ್ರವಚನ ನೀಡಿದರು. ಮರಿಯಾ, ಜೋಸೆಫರ ಪ್ರತಿಮೆಗಳ ಪ್ರಸ್ತಾಪ ಇದರ ವರ್ಣನೆಯಲ್ಲಿಲ್ಲ. ಖಾಲಿ ಗೋದಲಿಯಲ್ಲಿ ಮಲಗಿದ್ದ ಶಿಶುವನ್ನು ಫ್ರಾನ್ಸಿಸ್ ಎಚ್ಚರಿಸಿದಂತೆ ಒಬ್ಬನಿಗೆ ದರ್ಶನವಾಯಿತೆಂದು ಚರಿತ್ರೆಕಾರ ಚೆಲಾನೊದ ಥಾಮಸ್ ಬರೆದಿದ್ದಾನೆ.

ಬೆತ್ಲೆಹೇಮಿನ ಗೋದಲಿಯ ಆರಾಧನೆಯೂ ಜನನದ ಧಾರ್ಮಿಕ ನಾಟಕಗಳೂ ಇದಕ್ಕಿಂತ ಹಳೆಯವು. ಆದ್ದರಿಂದ ಫ್ರಾನ್ಸಿಸರನ್ನು ಈ ಕಲ್ಪನೆಯ ಮೊದಲಿಗರೆನ್ನುವುದಕ್ಕಿಂತ, ಅದನ್ನು ಹಳ್ಳಿಗರ ಆಚರಣೆಯಾಗಿ ಬೆಳೆಸಿದವರೆನ್ನುವುದು ಸರಿ. ಆಸ್ತಿಯ ವಿವಾದ ನಡೆಯುತ್ತಿದ್ದ ಕಾಲದಲ್ಲಿ, ದೇವಪುತ್ರನು ಬಡವನಾಗಿ ಹುಟ್ಟಿದನೆಂಬುದನ್ನು ಗ್ರೆಚ್ಚೊದ ಗೋದಲಿ ನೆನಪಿಸಿತು. ಕ್ರಿಸ್‌ಮಸ್ ದಿನ ಶ್ರೀಮಂತರು ಬಡವರಿಗೆ ಉಣಬಡಿಸಬೇಕು, ಎತ್ತು ಕತ್ತೆಗಳಿಗೆ ಹೆಚ್ಚು ಮೇವು ಹಾಕಬೇಕು, ಹಕ್ಕಿಗಳಿಗಾಗಿ ದಾರಿಯಲ್ಲಿ ಕಾಳು ಚೆಲ್ಲಬೇಕು ಎಂಬುದು ಫ್ರಾನ್ಸಿಸರ ಆಶಯವಾಗಿತ್ತೆಂದು ಥಾಮಸ್ ದಾಖಲಿಸಿದ್ದಾನೆ.

ಕೊನೆಯ ದಿನಗಳು

1224ರಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಇವರ ದೇಹದ ಮೇಲೆ ಕ್ರಿಸ್ತನ ಪಂಚಗಾಯಗಳ ಗುರುತು ಮೂಡಿತೆಂದು ನಂಬಲಾಗಿದೆ. ದೃಷ್ಟಿ ಕ್ಷೀಣಿಸಿದ್ದಾಗ ಸೃಷ್ಟಿಯನ್ನು ಸ್ತುತಿಸುವ ಗೀತೆಯನ್ನು ರಚಿಸಿದರು. 1226ರ ಅಕ್ಟೋಬರ್ 3ರ ಸಂಜೆ ಅಸಿಸಿಯ ಸಮೀಪದ ಪೊರ್ಸಿಯುಂಕುಲಾದಲ್ಲಿ ನಿಧನರಾದರು. 1228ರ ಜುಲೈ 16ರಂದು ಒಂಬತ್ತನೆಯ ಗ್ರೆಗರಿ ಪೋಪರು ಸಂತ ಪದವಿ ಘೋಷಿಸಿದರು. ಇವರ ಹಬ್ಬ ಅಕ್ಟೋಬರ್ 4.

ಕರ್ನಾಟಕದಲ್ಲಿ

ಫ್ರಾನ್ಸಿಸ್ಕನ್ ಸಭೆಯ ಲೂಯಿಸ್ ಎಂಬ ಯಾಜಕರು 1510ರಲ್ಲಿ ಪೋರ್ಚುಗೀಸ್ ರಾಜ್ಯಪಾಲ ಅಲ್ಬುಕರ್ಕನ ದೂತರಾಗಿ ವಿಜಯನಗರಕ್ಕೆ ಬಂದಿದ್ದರು. ಫ್ರಾನ್ಸಿಸ್ಕನ್ ಪರಂಪರೆಯ ಕಪುಚಿನ್ ಸಭೆ ಇಂದು ರಾಜ್ಯದಲ್ಲಿ ಕಾರ್ಯನಿರತವಾಗಿದೆ.

ಕ್ರಿಸ್‌ಮಸ್ ಸಮಯದಲ್ಲಿ ಕಟ್ಟುವ ಜನನದ ದೃಶ್ಯವನ್ನು ಕನ್ನಡ ಕ್ರೈಸ್ತರು ಗೋದಲಿ ಎನ್ನುತ್ತಾರೆ. ಇದು ಕೃಷಿ ಬದುಕಿನಿಂದ ಬಂದ ಪದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳನ್ನೊಳಗೊಂಡ ಉತ್ತರ ಕರ್ನಾಟಕದ ಸೀಮೆಯಲ್ಲಿ ದನಗಳಿಗೆ ಮೇವು ಹಾಕುವ ಜಾಗಕ್ಕೆ ಇದೇ ಹೆಸರಿದ್ದು, ಆಡುಮಾತಿನಲ್ಲಿ ಅದು ಗ್ವಾದಲಿ. ಈ ತಾಲ್ಲೂಕುಗಳು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಕಥೋಲಿಕ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿವೆ. ಗ್ರೆಚ್ಚೊದಲ್ಲಿ ಫ್ರಾನ್ಸಿಸ್ ತೋರಿಸಬಯಸಿದ ಹುಲ್ಲು, ಎತ್ತು ಮತ್ತು ಕೊಟ್ಟಿಗೆ ಇಲ್ಲಿನ ರೈತಾಪಿ ಮನೆಗಳಿಗೆ ನಿತ್ಯ ಪರಿಚಿತವಾದವು.