ಯೂರಿಸ್ ಪೊದ್ನಿಯೆಕ್ಸ್

ಯೂರಿಸ್ ಪೊದ್ನಿಯೆಕ್ಸ್ (ಡಿಸೆಂಬರ್ ೫, ೧೯೫೦ – ಜೂನ್ ೨೩, ೧೯೯೨) ಲಾಟ್ವಿಯಾದ ಸಾಕ್ಷ್ಯಚಿತ್ರ ನಿರ್ದೇಶಕರು ಮತ್ತು ಛಾಯಾಗ್ರಾಹಕರು. ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳನ್ನು ಒಳಗಿನಿಂದ ಚಿತ್ರೀಕರಿಸಿದವರಲ್ಲಿ ಇವರು ಪ್ರಮುಖರು. ಒಂದು ರಾಕ್ ಸಂಗೀತ ಕಛೇರಿ ಮತ್ತು ಅದರ ನಂತರದ ನ್ಯಾಯಾಲಯದ ವಿಚಾರಣೆಯಿಂದ ಆರಂಭವಾಗುವ ಇವರ ೧೯೮೬ರ ಚಿತ್ರ 'ಯೌವನದಲ್ಲಿರುವುದು ಸುಲಭವೇ?' ಪೆರೆಸ್ತ್ರೋಯ್ಕಾ ಕಾಲದ ಅತಿ ಹೆಚ್ಚು ಚರ್ಚಿತವಾದ ಸಾಕ್ಷ್ಯಚಿತ್ರಗಳಲ್ಲಿ ಒಂದು.

ಆರಂಭಿಕ ಜೀವನ

ಪೊದ್ನಿಯೆಕ್ಸ್ ಹುಟ್ಟಿದ್ದು ರೀಗಾ ನಗರದಲ್ಲಿ. ೧೯೪೦ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಸೇರಿಸಿಕೊಳ್ಳಲ್ಪಟ್ಟ ಲಾಟ್ವಿಯಾ ಆಗ ಅದರ ಗಣರಾಜ್ಯಗಳಲ್ಲಿ ಒಂದಾಗಿತ್ತು. ಲಾಟ್ವಿಯನ್ ಭಾಷೆಯಲ್ಲಿ ಅವರ ಮನೆತನದ ಹೆಸರಿಗೆ ಕುಂಬಾರ ಎಂಬ ಅರ್ಥವಿದೆ. ೧೯೬೭ರಲ್ಲಿ ರೀಗಾ ಚಲನಚಿತ್ರ ಸ್ಟುಡಿಯೋಗೆ ಸೇರಿ, ಸಹಾಯಕ ಕೆಲಸಗಳಿಂದ ಆರಂಭಿಸಿ ಕ್ಯಾಮೆರಾ ವಿಭಾಗದಲ್ಲಿ ಮೇಲೇರಿದರು. ೧೯೭೫ರಲ್ಲಿ ಮಾಸ್ಕೋದ ರಾಜ್ಯ ಚಲನಚಿತ್ರ ಸಂಸ್ಥೆಯಿಂದ ಛಾಯಾಗ್ರಹಣದಲ್ಲಿ ಪದವಿ ಪಡೆದರು.

ನಿರ್ದೇಶನಕ್ಕೆ ಕೈಹಾಕಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆರಂಭದ ಚಿತ್ರಗಳಲ್ಲೊಂದು ವೃಂದಗಾನದ ನಿರ್ವಾಹಕರಾದ ಕೊಕಾರಿ ಸಹೋದರರನ್ನು ಕುರಿತದ್ದು. ಜನ ಕೂಡಿ ಹಾಡುವುದು ಅವರ ಚಿತ್ರಗಳಲ್ಲಿ ಮುಂದೆಯೂ ಮತ್ತೆ ಮತ್ತೆ ಬರುತ್ತದೆ. ೧೯೮೨ರ 'ರೈಫಲ್‌ಧಾರಿಗಳ ನಕ್ಷತ್ರಪುಂಜ' ಚಿತ್ರದಲ್ಲಿ ಮೊದಲ ಮಹಾಯುದ್ಧ ಮತ್ತು ರಷ್ಯಾದ ಕ್ರಾಂತಿಯನ್ನು ಕಂಡ ಲಾಟ್ವಿಯನ್ ಸೈನಿಕರಲ್ಲಿ ಬದುಕುಳಿದಿದ್ದ ವೃದ್ಧರನ್ನು ಮಾತನಾಡಿಸಿದರು. ಅಧಿಕೃತ ಇತಿಹಾಸ ಅವರನ್ನು ಕ್ರಾಂತಿಯ ವೀರರೆಂದಷ್ಟೇ ಹೊಗಳುತ್ತಿದ್ದ ಕಾಲದಲ್ಲಿ ಈ ಚಿತ್ರ ಅವರನ್ನು ನೆನಪಿನ ಭಾರ ಹೊತ್ತ ಮನುಷ್ಯರಾಗಿ ತೋರಿಸಿತು.

ಯೌವನದಲ್ಲಿರುವುದು ಸುಲಭವೇ?

೧೯೮೫ರ ಜುಲೈನಲ್ಲಿ ರೀಗಾ ಸಮೀಪದ ಓಗ್ರೆ ಪಟ್ಟಣದಲ್ಲಿ 'ಪೇರ್ಕೊನ್ಸ್' ಎಂಬ ರಾಕ್ ತಂಡದ ಕಛೇರಿ ನಡೆಯಿತು. ಪೇರ್ಕೊನ್ಸ್ ಎಂದರೆ ಗುಡುಗು. ಯೂರಿಸ್ ಕುಲಕೊವ್ಸ್ ಕಟ್ಟಿದ್ದ ಈ ತಂಡ ಲಾಟ್ವಿಯನ್ ಕವಿತೆಗಳನ್ನು ಬಿರುಸಾದ ರಾಕ್ ಸಂಗೀತಕ್ಕೆ ಅಳವಡಿಸುತ್ತಿತ್ತು. ಅಧಿಕಾರಿಗಳು ಅದಾಗಲೇ ಒಮ್ಮೆ ಇದನ್ನು ನಿಷೇಧಿಸಿದ್ದರು. ಕಛೇರಿ ಮುಗಿಸಿ ಊರಿಗೆ ಮರಳುತ್ತಿದ್ದ ಯುವಕರ ಗುಂಪೊಂದು ರೈಲಿನ ಬೋಗಿಗಳನ್ನು ಧ್ವಂಸಗೊಳಿಸಿತು. ಕೆಲವರ ವಿರುದ್ಧ ಮೊಕದ್ದಮೆ ನಡೆದು ಒಬ್ಬನಿಗೆ ಸೆರೆವಾಸದ ಶಿಕ್ಷೆಯಾಯಿತು. ತಂಡದ ಮೇಲೂ ಮತ್ತೆ ನಿಷೇಧ ಬಿತ್ತು.

ಸಾಮಾನ್ಯ ಸೋವಿಯತ್ ವಾರ್ತಾಚಿತ್ರವಾಗಿದ್ದರೆ ಈ ಘಟನೆ ಪಶ್ಚಿಮದ ಸಂಗೀತದ ದುಷ್ಪರಿಣಾಮವನ್ನು ಸಾರುವ ಪಾಠವಾಗುತ್ತಿತ್ತು. ಪೊದ್ನಿಯೆಕ್ಸ್ ಅದನ್ನು ಒಂದು ಪ್ರಶ್ನೆಯಾಗಿ ತೆಗೆದುಕೊಂಡರು. ಚಿತ್ರವು ಕಛೇರಿಯ ದೃಶ್ಯಗಳಿಂದ ನ್ಯಾಯಾಲಯಕ್ಕೆ ಹೋಗುತ್ತದೆ. ತೀರ್ಪು ಕೇಳುವ ಹುಡುಗರ ಮುಖಗಳ ಮೇಲೆ ಕ್ಯಾಮೆರಾ ನಿಲ್ಲುತ್ತದೆ. ಅಲ್ಲಿಂದ ಮುಂದೆ ಪಂಕ್ ಯುವಕರು, ಶವಾಗಾರದಲ್ಲಿ ಕೆಲಸ ಮಾಡುವ ಹುಡುಗ, ಹರೇ ಕೃಷ್ಣ ಪಂಥದ ಅನುಯಾಯಿಗಳು, ಅಫ್ಘಾನಿಸ್ತಾನದ ಯುದ್ಧದಿಂದ ಮರಳಿದ ಸೈನಿಕರು ಒಬ್ಬರಾದ ಮೇಲೊಬ್ಬರು ಮಾತನಾಡುತ್ತಾರೆ. ನಿರ್ದೇಶಕರು ಉಪದೇಶ ಮಾಡುವುದಿಲ್ಲ, ಕೇಳುತ್ತಾರೆ, ಕಾಯುತ್ತಾರೆ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಅದರಿಂದ ಬಂದವರ ಭ್ರಮನಿರಸನ ತೆರೆಯ ಮೇಲೆ ಕಾಣಿಸಿದ್ದು ಸೋವಿಯತ್ ಪ್ರೇಕ್ಷಕರಿಗೆ ಹೊಸದು.

ಚಿತ್ರಕ್ಕೆ ಸಂಗೀತ ನೀಡಿದವರು ಮಾರ್ತಿನ್ಶ್ ಬ್ರೌನ್ಸ್. ಛಾಯಾಗ್ರಹಣ ಕಲ್ವಿಸ್ ಜಲ್ತ್ಸ್‌ಮನಿಸ್ ಅವರದು. ಗೊರ್ಬಚೆವ್ ಅವರ ಗ್ಲಾಸ್‌ನೋಸ್ತ್ ನೀತಿ ಆಗಷ್ಟೇ ಕಾಲೂರುತ್ತಿದ್ದುದರಿಂದ ಚಿತ್ರಕ್ಕೆ ಒಕ್ಕೂಟದಾದ್ಯಂತ ಬಿಡುಗಡೆಯ ಅವಕಾಶ ದೊರೆಯಿತು. ಸಾಕ್ಷ್ಯಚಿತ್ರವೊಂದಕ್ಕೆ ಜನ ಟಿಕೆಟ್ಟಿಗಾಗಿ ಸಾಲುಗಟ್ಟಿ ನಿಂತರು. ಒಂದೆರಡು ವರ್ಷ ಮೊದಲು ತಯಾರಾಗಿದ್ದರೆ ಅದು ಡಬ್ಬದಿಂದ ಹೊರಬರುತ್ತಿರಲಿಲ್ಲ ಎನ್ನಬಹುದು.

ನಂತರದ ಚಿತ್ರಗಳು

ಈ ಯಶಸ್ಸಿನ ನಂತರ ಬ್ರಿಟನ್ನಿನ ಸೆಂಟ್ರಲ್ ಟೆಲಿವಿಷನ್ ಸಂಸ್ಥೆಗಾಗಿ ಐದು ಕಂತುಗಳ ಸರಣಿಯೊಂದನ್ನು ಮಾಡಿದರು. ಇಂಗ್ಲಿಷಿನಲ್ಲಿ 'ಹಲೋ, ಡು ಯು ಹಿಯರ್ ಅಸ್?' ಎಂದೂ ತಾಯ್ನಾಡಿನಲ್ಲಿ 'ನಾವು' ಎಂಬ ಅರ್ಥದ ಹೆಸರಿನಿಂದಲೂ ಇದು ಪ್ರಸಿದ್ಧ. ಚೆರ್ನೋಬಿಲ್‌ನ ನಿರ್ಜನ ವಲಯ, ೧೯೮೮ರ ಭೂಕಂಪದಲ್ಲಿ ನೆಲಸಮವಾದ ಅರ್ಮೇನಿಯಾ, ಯಾರೊಸ್ಲಾವ್ಲ್ ಕಾರ್ಖಾನೆಯ ಕಾರ್ಮಿಕರ ಮುಷ್ಕರ ಇದರಲ್ಲಿ ದಾಖಲಾಗಿವೆ.

೧೯೯೦ರ ಚಿತ್ರದ ಲಾಟ್ವಿಯನ್ ಹೆಸರಿನ ಅರ್ಥ 'ಶಿಲುಬೆಯ ಹಾದಿ'. ಹೊರದೇಶಗಳಲ್ಲಿ ಅದು 'ಹೋಮ್‌ಲ್ಯಾಂಡ್' ಎಂದು ತೆರೆಕಂಡಿತು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಆ ವರ್ಷದ ಗಾನೋತ್ಸವಗಳು ಇದರ ವಸ್ತು. ಲಾಟ್ವಿಯಾದಲ್ಲಿ ೧೮೭೩ರಿಂದ ನಡೆದುಬಂದ ಈ ಉತ್ಸವದಲ್ಲಿ ಸಾವಿರಾರು ಜನ ಒಂದೇ ವೇದಿಕೆಯಲ್ಲಿ ನಿಂತು ಹಾಡುತ್ತಾರೆ. ದಶಕಗಳ ಕಾಲ ಅದುಮಿಟ್ಟಿದ್ದ ಹಾಡುಗಳು ೧೯೯೦ರಲ್ಲಿ ಬಹಿರಂಗವಾಗಿ ಕೇಳಿಬಂದವು. ದೇಶಭ್ರಷ್ಟರಾಗಿದ್ದವರು ಹೊರನಾಡುಗಳಿಂದ ಬಂದು ದನಿಗೂಡಿಸಿದರು. ಬಾಲ್ಟಿಕ್ ದೇಶಗಳ ವಿಮೋಚನೆಗೆ 'ಹಾಡುವ ಕ್ರಾಂತಿ' ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ.

೧೯೯೧ರ ಜನವರಿ

೧೯೯೧ರ ಜನವರಿ ೧೩ರಂದು ಸೋವಿಯತ್ ಸೇನೆ ವಿಲ್ನಿಯಸ್‌ನ ದೂರದರ್ಶನ ಗೋಪುರದ ಮೇಲೆ ದಾಳಿ ನಡೆಸಿತು. ಸುದ್ದಿ ತಿಳಿದ ರೀಗಾದ ಜನ ಟ್ರ್ಯಾಕ್ಟರು, ಲಾರಿ, ಕಾಂಕ್ರೀಟ್ ದಿಮ್ಮಿಗಳಿಂದ ನಗರದ ಬೀದಿಗಳಿಗೆ ಅಡ್ಡಗಟ್ಟೆ ಹಾಕಿ, ಬೆಂಕಿ ಕಾಯಿಸುತ್ತ ರಾತ್ರಿಗಳನ್ನು ಕಳೆದರು. ಜನವರಿ ೨೦ರ ರಾತ್ರಿ ಓಮೊನ್ ಎಂಬ ವಿಶೇಷ ಪೊಲೀಸ್ ಪಡೆ ಒಳಾಡಳಿತ ಸಚಿವಾಲಯದ ಮೇಲೆ ಗುಂಡಿನ ದಾಳಿ ಮಾಡಿದಾಗ ಪೊದ್ನಿಯೆಕ್ಸ್ ತಂಡ ಸಮೀಪದ ಬಸ್ತೆಯ್‌ಕಲ್ನ್ಸ್ ಉದ್ಯಾನದಲ್ಲಿ ಚಿತ್ರೀಕರಣ ನಡೆಸುತ್ತಿತ್ತು. ಛಾಯಾಗ್ರಾಹಕ ಆಂದ್ರಿಸ್ ಸ್ಲಪಿನ್ಶ್ ಗುಂಡೇಟಿನಿಂದ ಮೃತಪಟ್ಟರು. ಗಾಯಗೊಂಡಿದ್ದ ಇನ್ನೊಬ್ಬ ಛಾಯಾಗ್ರಾಹಕ ಗ್ವಿದೊ ಜ್ವೈಗ್ಜ್ನೆ ಫೆಬ್ರವರಿ ೫ರಂದು ತೀರಿಕೊಂಡರು. ಇಬ್ಬರು ಪೊಲೀಸರು ಮತ್ತು ಒಬ್ಬ ವಿದ್ಯಾರ್ಥಿಯೂ ಆ ರಾತ್ರಿ ಬಲಿಯಾದರು. ಸ್ಲಪಿನ್ಶ್ ಸ್ವತಃ ನಿರ್ದೇಶಕರಾಗಿದ್ದು, ಸೈಬೀರಿಯಾದ ಮೂಲನಿವಾಸಿಗಳ ಆಚರಣೆಗಳನ್ನು ಚಿತ್ರೀಕರಿಸಿದ್ದರು.

ಆ ರಾತ್ರಿಯ ದೃಶ್ಯಗಳನ್ನು ಪೊದ್ನಿಯೆಕ್ಸ್ 'ಶಿಲುಬೆಯ ಹಾದಿ'ಗೆ ಉಪಸಂಹಾರವಾಗಿ ಮಾಡಿದ ಕಿರುಚಿತ್ರದಲ್ಲಿ ಬಳಸಿದರು. ಸಹೋದ್ಯೋಗಿಗಳ ಕೊನೆಯ ಗಳಿಗೆಗಳನ್ನು ತಾವೇ ಸಂಕಲನದ ಮೇಜಿನ ಮೇಲೆ ಜೋಡಿಸಬೇಕಾಗಿ ಬಂದ ಈ ಚಿತ್ರ ಅವರ ಕೃತಿಗಳಲ್ಲಿ ಅತ್ಯಂತ ಚಿಕ್ಕವುಗಳಲ್ಲೊಂದು. ನೋಡಲು ಅತ್ಯಂತ ಕಠಿಣವಾದದ್ದೂ ಹೌದು. ಅದೇ ಆಗಸ್ಟ್‌ನಲ್ಲಿ ಮಾಸ್ಕೋದ ಕ್ಷಿಪ್ರಕ್ರಾಂತಿಯ ಯತ್ನ ವಿಫಲವಾಗಿ ಲಾಟ್ವಿಯಾ ಪೂರ್ಣ ಸ್ವಾತಂತ್ರ್ಯ ಘೋಷಿಸಿತು. ಆ ದಿನಗಳನ್ನು ಕುರಿತ 'ಸಾಮ್ರಾಜ್ಯದ ಅಂತ್ಯ' ಚಿತ್ರವೂ ೧೯೯೧ರದ್ದೇ.

ನಿಧನ ಮತ್ತು ಸ್ಮರಣೆ

೧೯೯೨ರ ಜೂನ್ ೨೩ರಂದು, ಲಾಟ್ವಿಯನ್ನರು ನಡುಬೇಸಿಗೆಯ ಹಬ್ಬವನ್ನು ಆಚರಿಸುವ ದಿನ, ಪಶ್ಚಿಮ ಲಾಟ್ವಿಯಾದ ಜ್ವಿರ್ಗ್ಜ್ದು ಸರೋವರದಲ್ಲಿ ಮುಳುಗುಕ್ರೀಡೆಯಲ್ಲಿ ತೊಡಗಿದ್ದಾಗ ಪೊದ್ನಿಯೆಕ್ಸ್ ಮೃತಪಟ್ಟರು. ಅವರಿಗೆ ಆಗ ೪೧ ವರ್ಷ.

ಅವರ ಹೆಸರಿನ ಸ್ಟುಡಿಯೋವನ್ನು ಸಂಕಲನಕಾರ್ತಿಯೂ ನಿರ್ದೇಶಕಿಯೂ ಆದ ಆಂತ್ರಾ ತ್ಸಿಲಿನ್ಸ್ಕಾ ಮುನ್ನಡೆಸಿದರು. ೧೯೮೬ರ ಚಿತ್ರದಲ್ಲಿ ಕಾಣಿಸಿಕೊಂಡಿದ್ದ ಯುವಕ ಯುವತಿಯರನ್ನು ಹತ್ತು ವರ್ಷಗಳ ಬಳಿಕ ಮತ್ತೆ ಹುಡುಕಿ, ಸ್ವತಂತ್ರ ದೇಶದಲ್ಲಿ ಅವರ ಬದುಕು ಏನಾಯಿತೆಂಬುದನ್ನು ಆಕೆ ಚಿತ್ರೀಕರಿಸಿದರು; ಮುಂದೆ ಇನ್ನೊಮ್ಮೆಯೂ ಅವರನ್ನು ಭೇಟಿ ಮಾಡಿದರು. ಬಸ್ತೆಯ್‌ಕಲ್ನ್ಸ್ ಉದ್ಯಾನದಲ್ಲಿ ಜನವರಿ ೨೦ರಂದು ಮಡಿದವರ ಹೆಸರು ಹೊತ್ತ ಸ್ಮಾರಕಶಿಲೆಗಳಿದ್ದು, ಸ್ಲಪಿನ್ಶ್ ಮತ್ತು ಜ್ವೈಗ್ಜ್ನೆ ಅವರ ಶಿಲೆಗಳೂ ಅವುಗಳಲ್ಲಿ ಸೇರಿವೆ.