ಜೆ. ಬಿ. ಎಸ್. ಹಾಲ್ಡೇನ್: ರೋಗದಲ್ಲಿ ವಿಕಾಸವನ್ನು ಕಂಡವರು

ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್ ಅವರು 1892ರ ನವೆಂಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜನಿಸಿದರು. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಅವರು ಗಣಿಗಳ ವಿಷಾನಿಲವನ್ನು ಸ್ವಂತ ದೇಹದ ಮೇಲೆಯೇ ಪರೀಕ್ಷಿಸಿಕೊಂಡ ಶರೀರಕ್ರಿಯಾ ವಿಜ್ಞಾನಿಗಳು. ಬಾಲ್ಯದಲ್ಲಿಯೇ ಮಗನೂ ಆ ಪ್ರಯೋಗಗಳಿಗೆ ನೆರವಾದರು. ಆದರೆ ಅವರು ಪದವಿ ಪಡೆದುದು ಪ್ರಾಚೀನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರಗಳಲ್ಲಿ. ವಿಜ್ಞಾನದ ಪದವಿ ಅವರಿಗಿರಲೇ ಇಲ್ಲ!

ಡಾರ್ವಿನ್ನರ ನೈಸರ್ಗಿಕ ಆಯ್ಕೆಯನ್ನು ಗಣಿತಕ್ಕೆ ಒಳಪಡಿಸುವ ಲೇಖನಮಾಲೆಯನ್ನು ಅವರು 1924ರಲ್ಲಿ ಆರಂಭಿಸಿದರು. ಮ್ಯಾಂಚೆಸ್ಟರಿನ ಹೊಗೆ ಮುಸುಕಿದ ಪರಿಸರದಲ್ಲಿ ಕಪ್ಪು ಪತಂಗಗಳು ಐವತ್ತೇ ವರ್ಷಗಳಲ್ಲಿ ಬಹುಸಂಖ್ಯಾತವಾದುದನ್ನು ಲೆಕ್ಕಹಾಕಿ, ವಿಕಾಸವು ಎಷ್ಟು ಶೀಘ್ರವಾಗಿ ನಡೆಯಬಲ್ಲದೆಂಬುದನ್ನು ತೋರಿಸಿದರು.

ಮಾನವನ ವಿಷಯದಲ್ಲಿ ಒಂದು ಒಗಟು ಎದುರಾಯಿತು. ಮೆಡಿಟರೇನಿಯನ್ ತೀರದ ಜನರಲ್ಲಿ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತಹೀನತೆ ವ್ಯಾಪಕವಾಗಿತ್ತು. ಆ ವಂಶವಾಹಿಯನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಮಗು ಅಂದು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ತಲೆಮಾರು ತಲೆಮಾರಿಗೂ ಮೃತ್ಯುವಿಗೆ ತುತ್ತಾಗುತ್ತಿದ್ದ ಆ ವಂಶವಾಹಿ ಅಳಿದುಹೋಗದೆ ಉಳಿದುದು ಹೇಗೆ? ಅದು ಮತ್ತೆ ಮತ್ತೆ ಹೊಸದಾಗಿ ಉದ್ಭವಿಸುತ್ತಿರಬೇಕೆಂದು ಅಮೆರಿಕದ ನೀಲ್ ಮತ್ತು ವ್ಯಾಲೆಂಟೈನ್ ಊಹಿಸಿದ್ದರು. ಹಾಲ್ಡೇನ್ ಅವರು ಅದನ್ನೊಪ್ಪಲಿಲ್ಲ. ಒಬ್ಬರಿಂದ ಮಾತ್ರ ಅದನ್ನು ಪಡೆದವರ ಚಿಕ್ಕ ಕೆಂಪು ರಕ್ತಕಣಗಳು ಮಲೇರಿಯಾವನ್ನು ಎದುರಿಸಬಲ್ಲವಾಗಿರಬೇಕು, ಅವರು ಉಳಿದುದರಿಂದಲೇ ವಂಶವಾಹಿಯೂ ಉಳಿಯಿತು ಎಂದು 1949ರಲ್ಲಿ ಸೂಚಿಸಿದರು. ಅದೇ ವರ್ಷದ ಇನ್ನೊಂದು ಲೇಖನದಲ್ಲಿ, ವಿಕಾಸವನ್ನು ನಡೆಸುವ ಶಕ್ತಿಗಳಲ್ಲಿ ಸಾಂಕ್ರಾಮಿಕ ರೋಗವು ಪ್ರಮುಖವಾದುದೆಂದು ವಾದಿಸಿದರು. ಬೇಸಾಯದಿಂದ ಜನವಸತಿ ದಟ್ಟವಾದಂತೆ ರೋಗಗಳಿಗೆ ನೆಲೆ ದೊರೆಯಿತು. ರೋಗಗಳೊಡನೆ ಆಯ್ಕೆಯ ಬಿಗಿಯೂ ಹೆಚ್ಚಿತು.

ಇದು ಕೇವಲ ಊಹೆಯಾಗಿತ್ತು. ರಕ್ತಪರೀಕ್ಷೆಯ ಆಧಾರ ಅವರ ಬಳಿ ಇರಲಿಲ್ಲ. 1954ರಲ್ಲಿ ಆಂಥೊನಿ ಆಲಿಸನ್ ಅವರು ಪೂರ್ವ ಆಫ್ರಿಕದಲ್ಲಿ ಮತ್ತೊಂದು ರಕ್ತದೋಷವಾದ ಕುಡುಗೋಲು ಕಣದ ಬಗೆಗೆ ಸಾಕ್ಷ್ಯ ಒದಗಿಸಿದರು. ಮಲೇರಿಯಾ ಹೆಚ್ಚಿರುವ ತಗ್ಗು ಪ್ರದೇಶಗಳಲ್ಲಿ ಅದರ ವಾಹಕರು ಕೆಲವೆಡೆ ಪ್ರತಿಶತ 40ರಷ್ಟಿದ್ದರು. ಮಲೆನಾಡಿನ ಎತ್ತರದಲ್ಲಿ ಅತಿ ವಿರಳ. ಸಸ್ತನಿಗಳೆಲ್ಲಕ್ಕೂ ಸಾಮಾನ್ಯವಾದ ಪ್ರೋಟೀನುಗಳಲ್ಲಿ, ಮಾನವನು ಚಿಂಪಾಂಜಿಯ ಕವಲಿನಿಂದ ಬೇರ್ಪಟ್ಟ ಬಳಿಕ ಆದ ಅನುಕೂಲಕರ ಮಾರ್ಪಾಡುಗಳ ಸುಮಾರು ಪ್ರತಿಶತ 30ಕ್ಕೆ ವೈರಸ್‌ಗಳೇ ಕಾರಣವೆಂದು 2016ರ ಅಧ್ಯಯನವೊಂದು ಅಂದಾಜಿಸಿತು. ಅದನ್ನು ಕಾಣಲು ಹಾಲ್ಡೇನ್ ಅವರಿರಲಿಲ್ಲ.

ಅವರ ಬಾಳು ಕೊರತೆಯಿಲ್ಲದುದಲ್ಲ. ರಾಜಕೀಯ ನಿಷ್ಠೆಯಿಂದಾಗಿ, ಸೋವಿಯತ್ ದೇಶದಲ್ಲಿ ತಳಿಶಾಸ್ತ್ರವನ್ನು ಹತ್ತಿಕ್ಕಿದ ಲೈಸೆಂಕೋನನ್ನು ಬಹುಕಾಲ ನಿಷ್ಠುರವಾಗಿ ಖಂಡಿಸದೆ ಹೋದರು. ಸೂಯೆಜ್ ಆಕ್ರಮಣದಿಂದ ನೊಂದು 1957ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಇಲ್ಲಿ ಧೋತಿ-ಕುರ್ತಾ ಧರಿಸಿ ಸಸ್ಯಾಹಾರಿಗಳಾದರು. ಭಾರತದ ಪೌರತ್ವವನ್ನೂ ಸ್ವೀಕರಿಸಿದರು. ಹೆಚ್ಚಿನ ಉಪಕರಣಗಳಿಲ್ಲದೆಯೂ ಹೂವು, ಹಕ್ಕಿ, ಪತಂಗಗಳನ್ನು ಎಣಿಸಿ ವಿಜ್ಞಾನ ಸಾಧಿಸಬಹುದೆಂದು ಯುವಕರಿಗೆ ಕಲಿಸಿದರು. 1962ರಲ್ಲಿ ಭುವನೇಶ್ವರದಲ್ಲಿ ತಳಿಶಾಸ್ತ್ರದ ಪ್ರಯೋಗಾಲಯ ಕಟ್ಟತೊಡಗಿದರು. ಕ್ಯಾನ್ಸರಿನಿಂದ 1964ರ ಡಿಸೆಂಬರ್ 1ರಂದು ಅಲ್ಲಿಯೇ ನಿಧನರಾದರು. ಅವರ ಇಚ್ಛೆಯಂತೆ ಪಾರ್ಥಿವ ಶರೀರವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.